ಹೊಸ ಕಾರಿಗೆ ಎಷ್ಟು ರಕ್ಷಾಕವಚ?

ಮಧ್ಯಮವರ್ಗದ ಮನೆಯಲ್ಲಿ ಹೊಸ ಕಾರು ಕೊಳ್ಳುವುದೆಂದರೆ ಮದುವೆಗೆ ಸಮಾನವಾದ ಸಂಭ್ರಮ. ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ; ನೆಂಟರಿಷ್ಟರ ಅಭಿಪ್ರಾಯ ಸಂಗ್ರಹವಾಗುತ್ತದೆ; ಬಣ್ಣದ ವಿಷಯದಲ್ಲಿ ಮಕ್ಕಳು ಮುನಿಸಿಕೊಳ್ಳುತ್ತಾರೆ; ಕೊನೆಗೆ ಒಂದು ಶುಭದಿನ ಎಲ್ಲರೂ ಹೊಸ ಉಡುಪು ತೊಟ್ಟು ಮಳಿಗೆಗೆ ಹೊರಡುತ್ತಾರೆ. ಬೆಲೆಯಲ್ಲಿ ಐದು ಸಾವಿರ ಇಳಿಸಲು ವಾರಗಟ್ಟಲೆ ವಾದಿಸಿದ ಗೃಹಸ್ಥರು, ಆ ದಿನ ಮೇಜಿನ ಮುಂದೆ ಕುಳಿತು ಹತ್ತು ನಿಮಿಷದಲ್ಲಿ ಐವತ್ತು ಸಾವಿರಕ್ಕೆ ರುಜು ಹಾಕಿ ಬರುವುದುಂಟು. ಸೀರೆಯ ಬೆಲೆಗೆ ಅರ್ಧ ಗಂಟೆ ಚೌಕಾಸಿ ಮಾಡಿ, ಅದರ ಫಾಲಿಗೂ ಕುಚ್ಚಿಗೂ ಕೇಳಿದಷ್ಟು ಕೊಟ್ಟು ಬರುವಂತೆ!

ಎರಡನೆಯ ಹಾಳೆ

ಬೆಂಗಳೂರಿನ ಒಂದು ಮನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಗಂಡಹೆಂಡಿರಿಬ್ಬರೂ ದುಡಿಯುವವರು, ಇಬ್ಬರು ಮಕ್ಕಳು, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ಹತ್ತು ಲಕ್ಷದ ಕಾರು ಗೊತ್ತಾಯಿತು, ಮುಂಗಡವೂ ಸಂದಿತು. ಆಗ ಮಾರಾಟದ ತರುಣನು ನಗುಮುಖದಿಂದ ಎರಡನೆಯ ಹಾಳೆಯೊಂದನ್ನು ಮುಂದಿಟ್ಟನು. ವಿಸ್ತರಿತ ವಾರಂಟಿಗೆ ರೂ. 16,000, ಬಣ್ಣದ ಮೇಲೆ ಸೆರಾಮಿಕ್ ಲೇಪನಕ್ಕೆ ರೂ. 18,000; ಕಾರಿನ ತಳಕ್ಕೆ ತುಕ್ಕುನಿರೋಧಕ ಲೇಪಕ್ಕೆ ರೂ. 6,000, ಒಳಗಿನ ಆಸನಗಳ ರಕ್ಷಣೆಗೆ ರೂ. 4,000, ವಿಮೆಗೆ ಸೇರಿಸುವ ಹೆಚ್ಚುವರಿ ರಕ್ಷಣೆಗಳಿಗೆ ರೂ. 14,000. ಒಟ್ಟು ರೂ. 58,000.

“ಹತ್ತು ಲಕ್ಷದ ಕಾರಿಗೆ ಇಷ್ಟು ರಕ್ಷಣೆ ಬೇಡವೆ ಸಾರ್? ಸಾಲದಲ್ಲೇ ಸೇರಿಸಿಬಿಟ್ಟರೆ ತಿಂಗಳ ಕಂತಿಗೆ ಸಾವಿರದ ಇನ್ನೂರು ರೂಪಾಯಿ ಹೆಚ್ಚಾಗುತ್ತದೆ, ಅಷ್ಟೆ,” ಎಂದನು ತರುಣ.

ಯಜಮಾನರು ಲೇಖನಿ ತೆರೆದಿದ್ದರು. ಅಷ್ಟರಲ್ಲಿ ಮನೆಯಾಕೆ ಕೇಳಿದರು: “ಇವುಗಳಲ್ಲಿ ಕಾನೂನಿನಂತೆ ಕೊಳ್ಳಲೇಬೇಕಾದುದು ಯಾವುದು?”

ತರುಣನು ಒಂದು ಕ್ಷಣ ತಡೆದು, “ಹಾಗೆಂದರೆ... ಯಾವುದೂ ಇಲ್ಲ ಮೇಡಂ,” ಎಂದನು.

“ಹಾಗಾದರೆ ಹಾಳೆಯನ್ನು ಮನೆಗೆ ಕೊಂಡೊಯ್ಯುತ್ತೇವೆ. ನಾಳೆ ತಿಳಿಸುತ್ತೇವೆ.”

ಆ ಒಂದು ರಾತ್ರಿಯ ಬೆಲೆ ಸಾಮಾನ್ಯವಾದುದಲ್ಲ. ಶೇಕಡ 9ರ ಬಡ್ಡಿಯಲ್ಲಿ ಐದು ವರ್ಷದ ಸಾಲಕ್ಕೆ ಈ 58,000ವನ್ನು ಸೇರಿಸಿದರೆ ಕಂತು ಹೆಚ್ಚುವುದು ಸಾವಿರದ ಇನ್ನೂರೇ ಸರಿ. ಆದರೆ 60 ಕಂತುಗಳು ಮುಗಿಯುವಷ್ಟರಲ್ಲಿ ತೆತ್ತ ಹಣ ರೂ. 72,000ವನ್ನು ಮೀರುತ್ತದೆ. ಹತ್ತು ಲಕ್ಷದ ಪಕ್ಕದಲ್ಲಿ ಚಿಕ್ಕದಾಗಿ ಕಾಣುವ ಮೊತ್ತ, ಮನೆಯ ಖರ್ಚಿನ ಪುಸ್ತಕದ ಪಕ್ಕದಲ್ಲಿ ಅಷ್ಟು ಚಿಕ್ಕದಲ್ಲ.

ಊಟವಾದ ಮೇಲೆ ಮನೆಯಾಕೆ ಆ ಹಾಳೆಯ ಹಿಂಬದಿಯಲ್ಲಿ ಮೂರು ಅಂಕಣಗಳನ್ನು ಗೀಚಿದರು. ಮೊದಲನೆಯದು, ಕಾರು ತಯಾರಿಸಿದವರೇ ಆಗಲೇ ಒದಗಿಸಿರುವುದು. ಎರಡನೆಯದು, ನಷ್ಟವಾದರೆ ಮನೆಯವರೇ ತಡೆದುಕೊಳ್ಳಬಲ್ಲದ್ದು. ಮೂರನೆಯದು, ತಡೆದುಕೊಳ್ಳಲಾರದ್ದು. ಮೂರನೆಯ ಅಂಕಣಕ್ಕೆ ಸೇರುವುದಕ್ಕೆ ಮಾತ್ರವೇ ಹಣ ಕೊಡತಕ್ಕದ್ದೆಂದು ನಿಶ್ಚಯವಾಯಿತು.

ತುಕ್ಕಿನ ಭಯ

“ತಳದ ಲೇಪವನ್ನು ಮೊದಲು ಮೂರನೆಯ ಅಂಕಣದಲ್ಲಿ ಬರೆ,” ಎಂದರು ಹಿರಿಯರು. ಅವರಿಗೆ ಅನುಭವವಿತ್ತು. ಮಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಅವರ ಹಳೆಯ ಫಿಯಟ್ ಕಾರಿನ ತಳವನ್ನು ಕಡಲ ಗಾಳಿಯೂ ಮಳೆಯೂ ಸೇರಿ ತಿಂದುಹಾಕಿದ್ದವು. ಹಿಂದಿನ ಆಸನದಲ್ಲಿ ಕುಳಿತವರಿಗೆ ಕಾಲ ಬಳಿ ರಸ್ತೆ ಕಾಣುತ್ತಿತ್ತಂತೆ!

ಅವರ ಭಯ ಅವರ ಕಾಲಕ್ಕೆ ಸರಿಯಾದುದೇ. ಅಂದಿನ ಕಾರುಗಳ ಬರಿ ಉಕ್ಕಿನ ತಗಡಿಗೆ ಬಣ್ಣವೊಂದೇ ಮುಖ್ಯ ಕವಚ. ಅದು ಸುಲಿದಲ್ಲಿ ತುಕ್ಕು ಹೊಕ್ಕಿತು. ಈಗಿನ ಕಾರ್ಖಾನೆಗಳಲ್ಲಿ ಕ್ರಮವೇ ಬೇರೆ. ಬೆಸುಗೆಯಾದ ಇಡೀ ಮೈಯನ್ನು ತೊಳೆದು, ಫಾಸ್ಫೇಟಿನಂಥ ರಸಾಯನದಿಂದ ಹದಗೊಳಿಸಿ, ಬಣ್ಣದ ದೊಡ್ಡ ತೊಟ್ಟಿಯೊಳಗೆ ಮುಳುಗಿಸುತ್ತಾರೆ. ವಿದ್ಯುತ್ತು ಹರಿದಾಗ ಬಣ್ಣದ ಕಣಗಳು ಲೋಹದ ಸಂದುಗೊಂದುಗಳಿಗೂ ಹೋಗಿ ಅಂಟಿಕೊಳ್ಳುತ್ತವೆ. ಈ ಕ್ರಮವು 1970ರ ದಶಕದ ಉತ್ತರಾರ್ಧದಿಂದ ಕಾರ್ಖಾನೆಗಳಲ್ಲಿ ಹರಡಿತು. ತುಕ್ಕಿನ ಅಪಾಯವಿರುವ ಭಾಗಗಳಿಗೆ ಸತುವು ಲೇಪಿಸಿದ ಉಕ್ಕನ್ನು ಬಳಸುವುದೂ ಈಗ ಸಾಮಾನ್ಯ. ತಳದ ಅಗತ್ಯವಾದ ಜಾಗಗಳಿಗೂ ಸಂದುಗಳಿಗೂ ಕಾರ್ಖಾನೆಯಲ್ಲೇ ಲೇಪ ಬಿದ್ದಿರುತ್ತದೆ.

ಇದರ ಮೇಲೆ ಮಳಿಗೆಯಲ್ಲಿ ಇನ್ನೊಂದು ಪದರ ಬಳಿಯುವುದರಿಂದ ಜಲ್ಲಿಕಲ್ಲಿನ ಸದ್ದು ಕೊಂಚ ಕಡಿಮೆಯಾಗಬಹುದು. ಆದರೆ ಅವಸರದ ಕೆಲಸಗಾರನು ನೀರು ಸೋರಿಹೋಗಲೆಂದೇ ಬಿಟ್ಟಿರುವ ರಂಧ್ರಗಳನ್ನೂ ಮೆತ್ತಿಬಿಟ್ಟರೆ, ಒಳಗೆ ನಿಂತ ನೀರು ತುಕ್ಕನ್ನು ತಾನೇ ಕರೆತರುತ್ತದೆ. ಕರಾವಳಿಯವರು ಮಳೆಗಾಲದಲ್ಲೂ ಅದು ಮುಗಿದ ಮೇಲೂ ಕಾರಿನ ತಳವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಯಿಸಿ ಪರೀಕ್ಷಿಸುವುದು ಮೇಲು. ತುಕ್ಕು ತಿಂದು ತೂತಾದರೆ ತಯಾರಕರ ವಾರಂಟಿ ಎಷ್ಟು ವರ್ಷದವರೆಗೆ ಇದೆಯೆಂಬುದನ್ನೂ ಪುಸ್ತಕದಲ್ಲಿ ನೋಡಿಕೊಳ್ಳತಕ್ಕದ್ದು.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಮೊದಲನೆಯ ಅಂಕಣಕ್ಕೇ ಬರೆ,” ಎಂದರು.

ಬಣ್ಣದ ಮೇಲಿನ ಮೆರುಗು

ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಅದನ್ನು ಕಾಪಾಡಲು ಮಳಿಗೆಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಸಾಧನಗಳನ್ನು ಮಾರುತ್ತಾರೆ.

ಮೊದಲನೆಯದು ಟೆಫ್ಲಾನ್. 1938ರಲ್ಲಿ ಅಮೆರಿಕದ ರಸಾಯನಜ್ಞ ರಾಯ್ ಪ್ಲಂಕೆಟ್ ಕಂಡುಹಿಡಿದ ಈ ವಸ್ತು ದೋಸೆಯ ಕಾವಲಿಯಿಂದಾಗಿ ಗೃಹಿಣಿಯರಿಗೆಲ್ಲ ಚಿರಪರಿಚಿತ. ಅದು ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅಂಥ ಉರಿಯಲ್ಲಿ ಬೇಯಿಸಿದಾಗಲೇ ಕಾವಲಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಕಾರಿನ ಮೈಯನ್ನು ಆ ಉರಿಗೆ ಒಡ್ಡಿದರೆ ಬಣ್ಣವೇ ಉಳಿಯದು. ಆದುದರಿಂದ ಕಾರಿಗೆ ಉಜ್ಜುವ ಟೆಫ್ಲಾನ್, ಕಾವಲಿಯ ಟೆಫ್ಲಾನಿನಂತೆ ಅಂಟಿ ನಿಲ್ಲುವ ಕವಚವಲ್ಲ. ಕೆಲವು ತಿಂಗಳು ಹೊಳೆಯುವ ಮೆರುಗು.

ಎರಡನೆಯದು ಸೆರಾಮಿಕ್ ಲೇಪನ. ಸಿಲಿಕಾ ಮೂಲದ ದ್ರವವನ್ನು ಒರೆಸಿದರೆ ಒಣಗಿ ಗಾಜಿನಂಥ ತೆಳುಪದರವಾಗುತ್ತದೆ. ನೀರು ಮುತ್ತಾಗಿ ಉರುಳುತ್ತದೆ, ಧೂಳು ಸುಲಭವಾಗಿ ಹೋಗುತ್ತದೆ, ಹೊಳಪು ಹೆಚ್ಚುತ್ತದೆ. ಇಷ್ಟು ನಿಜ. ಆದರೆ ಪದರದ ದಪ್ಪವು ಮೈಕ್ರಾನುಗಳ ಲೆಕ್ಕದ್ದು. ತಲೆಗೂದಲಿನ ದಪ್ಪದ ಒಂದು ಸಣ್ಣ ಅಂಶ. ಹೆದ್ದಾರಿಯಲ್ಲಿ ಸಿಡಿದ ಕಲ್ಲನ್ನಾಗಲಿ, ಗೇಟಿಗೆ ಉಜ್ಜಿದ ಗೀರನ್ನಾಗಲಿ, ಪಕ್ಕದ ಸ್ಕೂಟರಿನ ಹಿಡಿಯನ್ನಾಗಲಿ ಅದು ತಡೆಯದು.

ಮೂರನೆಯದು ಪಾರದರ್ಶಕವಾದ ಪಾಲಿಯುರಿಥೇನ್ ಹಾಳೆ. ಸುಮಾರು 150ರಿಂದ 200 ಮೈಕ್ರಾನ್ ದಪ್ಪವಿದ್ದು, ಸಣ್ಣ ಕಲ್ಲಿನ ಪೆಟ್ಟನ್ನೂ ಗೀರನ್ನೂ ನಿಜವಾಗಿ ತಡೆಯುವುದು ಇದೇ. ಇಡೀ ಕಾರಿಗೆ ಹೊದಿಸಲು ಖರ್ಚು ಮಾತ್ರ ಬಹಳ. ದಿನವೂ ಹೆದ್ದಾರಿಯಲ್ಲಿ ಓಡಾಡುವವರು ಮುಂಭಾಗಕ್ಕಷ್ಟೇ ಹಾಕಿಸಬಹುದು.

ಹೊಳಪಿಗಾಗಿ ಹಣ ಕೊಡುವುದು ತಪ್ಪಲ್ಲ. ಅದು ಅವರವರ ಅಭಿರುಚಿ. ಹೊಳಪನ್ನು ರಕ್ಷಣೆಯೆಂದು ನಂಬಿ ಕೊಳ್ಳುವುದು ತಪ್ಪು. ಬೇಕೆನಿಸಿದವರು ಮಳಿಗೆಯ ಹೊರಗೂ ದರ ವಿಚಾರಿಸುವುದು ಒಳಿತು. ಈ ಮನೆಯಲ್ಲಿ ಸೆರಾಮಿಕ್ ಲೇಪನವೂ ಆಸನಗಳ ರಕ್ಷಣೆಯೂ ಎರಡನೆಯ ಅಂಕಣ ಸೇರಿದವು. ಹದಿನೆಂಟು ಸಾವಿರವಿದ್ದರೆ ಒಂದೆರಡು ಗೀರುಗಳಿಗೆ ಬಣ್ಣ ಹಾಕಿಸಬಹುದು. ಆಸನದ ಮೇಲೆ ಮಕ್ಕಳು ಚೆಲ್ಲುವ ಹಾಲಿಗೆ ಒಂದು ಒದ್ದೆಬಟ್ಟೆ ಸಾಕು.

ಸವಕಳಿಯ ಲೆಕ್ಕ

ವಿಮೆಯ ವಿಷಯಕ್ಕೆ ಬಂದಾಗ ಚರ್ಚೆಯ ಧಾಟಿ ಬದಲಾಯಿತು. 1988ರ ಮೋಟಾರು ವಾಹನ ಕಾಯಿದೆಯಂತೆ ಥರ್ಡ್ ಪಾರ್ಟಿ ವಿಮೆ, ಎಂದರೆ ಕಾರಿನಿಂದ ಇತರರಿಗಾಗುವ ಹಾನಿಯ ವಿಮೆ, ಕಡ್ಡಾಯ. ಸುಪ್ರೀಂ ಕೋರ್ಟಿನ ನಿರ್ದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಇದನ್ನು ಒಮ್ಮೆಲೇ ಮೂರು ವರ್ಷಕ್ಕೆ ಪಡೆಯಬೇಕು. ಸ್ವಂತ ಕಾರಿಗಾಗುವ ಹಾನಿಯ ವಿಮೆ ಇದಕ್ಕಿಂತ ಬೇರೆ. ಹಾಳೆಯಲ್ಲಿದ್ದ ಹೆಚ್ಚುವರಿ ರಕ್ಷಣೆಗಳು ಈ ಎರಡನೆಯದಕ್ಕೆ ಸೇರುವಂಥವು.

ಸಾಮಾನ್ಯ ವಿಮೆಯಲ್ಲಿ ಒಂದು ಗುಟ್ಟಿದೆ. ಅಪಘಾತವಾದಾಗ ಹೊಸ ಬಿಡಿಭಾಗದ ಪೂರ್ಣ ಬೆಲೆಯನ್ನು ವಿಮಾ ಕಂಪೆನಿ ಕೊಡುವುದಿಲ್ಲ; ಸವಕಳಿ ಕಳೆದು ಕೊಡುತ್ತದೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೂ ಟೈರು, ಬ್ಯಾಟರಿಗಳಿಗೂ ಕಾರು ಎಷ್ಟೇ ಹೊಸದಾಗಿದ್ದರೂ ಶೇಕಡ 50 ಕಡಿತ. ಫೈಬರ್ ಗ್ಲಾಸಿಗೆ ಶೇಕಡ 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಮೊದಲ ಆರು ತಿಂಗಳು ಏನೂ ಇಲ್ಲ, ವರ್ಷ ತುಂಬುವವರೆಗೆ ಶೇಕಡ 5, ಎರಡನೆಯ ವರ್ಷ 10, ಮೂರನೆಯದು 15, ನಾಲ್ಕನೆಯದು 25, ಐದನೆಯದು 35.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಎರಡನೆಯ ವರ್ಷದಲ್ಲಿ ಕಾರಿನ ಮುಂಭಾಗ ಜಖಂ ಆಯಿತೆನ್ನಿ. ಬಂಪರ್ ಮುಂತಾದ ಪ್ಲಾಸ್ಟಿಕ್ ಭಾಗಗಳಿಗೆ ರೂ. 30,000, ಬಾನೆಟ್ ಮುಂತಾದ ಲೋಹಕ್ಕೆ 20,000, ಗಾಜಿಗೆ 10,000, ಬಣ್ಣದ ಕೆಲಸಕ್ಕೆ 12,000, ಕೂಲಿ 8,000. ಒಟ್ಟು ಬಿಲ್ಲು ರೂ. 80,000. ಇದರಲ್ಲಿ ಪ್ಲಾಸ್ಟಿಕ್ಕಿಗೆ 15,000, ಲೋಹಕ್ಕೆ 2,000 ಕಡಿತ. ಬಣ್ಣದ ಬಿಲ್ಲಿನಲ್ಲಿ ಕಾಲುಭಾಗವನ್ನು ಸಾಮಗ್ರಿಯೆಂದು ಹಿಡಿದು ಅದರಲ್ಲಿ ಅರ್ಧ, ಎಂದರೆ 1,500 ಕಡಿತ. 1500 ಸಿ.ಸಿ.ವರೆಗಿನ ಕಾರಿನ ಒಡೆಯರು ಪ್ರತಿ ಸಲವೂ ಭರಿಸಬೇಕಾದುದು 1,000. ಹೀಗೆ ರೂ. 19,500 ಮನೆಯವರ ಕೈಯಿಂದಲೇ ಹೋಗುತ್ತದೆ. ‘ಜೀರೋ ಡಿಪ್ರಿಸಿಯೇಷನ್’ ಎಂಬ ಹೆಚ್ಚುವರಿ ರಕ್ಷಣೆಯಿದ್ದರೆ ಈ ಸವಕಳಿಯ ಕಡಿತವಿಲ್ಲ. ಕೊಡಬೇಕಾದುದು ಮುಖ್ಯವಾಗಿ ಆ ಒಂದು ಸಾವಿರ ಮಾತ್ರ.

ಈಗಿನ ಕಾರುಗಳ ಮುಂಭಾಗ ಹಿಂಭಾಗಗಳೆಲ್ಲ ಬಹುಮಟ್ಟಿಗೆ ಪ್ಲಾಸ್ಟಿಕ್ಕೇ ಆಗಿರುವುದರಿಂದ, ನಗರದಲ್ಲಿ ಓಡಾಡುವ ಹೊಸ ಕಾರಿಗೆ ಮೊದಲ ಕೆಲವು ವರ್ಷ ಇದು ಉಪಯುಕ್ತವಾದುದೇ. ಆದರೆ ವರ್ಷಕ್ಕೆ ಎಷ್ಟು ಸಲ ಕೇಳಬಹುದೆಂಬ ಮಿತಿಯನ್ನು ಕೆಲವು ಕಂಪೆನಿಗಳು ಇಡುತ್ತವೆ. ಸಣ್ಣಪುಟ್ಟ ಗೀರಿಗೆಲ್ಲ ಪರಿಹಾರ ಕೇಳಿದರೆ ‘ನೋ ಕ್ಲೈಮ್ ಬೋನಸ್’ ಎಂಬ ರಿಯಾಯಿತಿಯೂ ಕೈಬಿಡುತ್ತದೆ. ಮೊದಲ ವರ್ಷ ಏನನ್ನೂ ಕೇಳದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ಶೇಕಡ 20, ಸತತ ಐದು ವರ್ಷವಾದರೆ ಶೇಕಡ 50 ಉಳಿತಾಯ. ಮೂರು ಸಾವಿರದ ಗೀರಿಗಾಗಿ ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ನೀರು ಹೊಕ್ಕ ಎಂಜಿನ್

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಭಾಗದ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿ ನಿಂತವು. ಅಂದಿನಿಂದ ‘ಎಂಜಿನ್ ರಕ್ಷಣೆ’ ಎಂಬ ಮಾತನ್ನು ಬೆಂಗಳೂರಿನವರು ಹಗುರವಾಗಿ ಕೇಳುವಂತಿಲ್ಲ.

ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದೊಡನೆ ಪಿಸ್ಟನ್ನು ಆ ನೀರಿಗೆ ಬಡಿದು, ಅದರ ದಂಡವೇ ಬಾಗುತ್ತದೆ. ನೆರೆಯಿಂದಾದ ಹಾನಿಯನ್ನು ಸಾಮಾನ್ಯ ವಿಮೆ ಕಟ್ಟಿಕೊಡುತ್ತದೆ. ಆದರೆ ಹೀಗೆ ಚಾಲೂ ಮಾಡಿ ಎಂಜಿನ್ನು ಮುರಿದರೆ, ಅದು ನೆರೆಯ ನೇರವಾದ ಫಲವಲ್ಲವೆಂದು ಕಂಪೆನಿಗಳು ತಿರಸ್ಕರಿಸುತ್ತವೆ. ಎಂಜಿನ್ನಿನ ದುರಸ್ತಿಯೋ ಲಕ್ಷಗಳ ಮಾತು. ಮೂರನೆಯ ಅಂಕಣಕ್ಕೆ ನಿಜವಾಗಿ ಸೇರತಕ್ಕದ್ದು ಇದೇ. ತಗ್ಗಿನ ಬಡಾವಣೆಯಲ್ಲಿ ಮನೆಯಿರುವವರಿಗೂ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೂ ಇದು ಅವಶ್ಯ. ಎತ್ತರದ ಒಣನೆಲದ ಊರಿನವರಿಗೆ ಅಷ್ಟಾಗಿ ಬೇಡ.

ಇದಕ್ಕಿಂತ ದೊಡ್ಡ ರಕ್ಷಣೆಯೊಂದು ಬಿಟ್ಟಿಯಾಗಿಯೇ ಇದೆ: ನೀರಿನಲ್ಲಿ ನಿಂತುಹೋದ ಕಾರನ್ನು ಎಂದಿಗೂ ಮತ್ತೆ ಚಾಲೂ ಮಾಡಬಾರದು. ಎಳೆದೊಯ್ಯುವ ವಾಹನವನ್ನು ಕರೆಸುವುದೇ ಸರಿ. ಮನೆಯಲ್ಲಿ ಕಾರು ನಡೆಸುವವರೆಲ್ಲರಿಗೂ ಈ ಮಾತು ಬಾಯಿಪಾಠವಾಗಿರಬೇಕು.

ಕಳುವಾದ ಕಾರಿನ ಕಂತು

ಹತ್ತು ಲಕ್ಷದ ಕಾರು ತೆರಿಗೆ, ನೋಂದಣಿ, ವಿಮೆ ಸೇರಿ ರಸ್ತೆಗಿಳಿಯುವಾಗ 12 ಲಕ್ಷದ ಆಸುಪಾಸಿಗೆ ಬರುತ್ತದೆ. ಆದರೆ ವಿಮಾಪತ್ರದಲ್ಲಿ ಹೊಸ ಕಾರಿನ ಬೆಲೆಯನ್ನೇ ಶೇಕಡ 5 ಕಡಿಮೆ ಮಾಡಿ 9.5 ಲಕ್ಷವೆಂದು ಬರೆಯುತ್ತಾರೆ. ವರ್ಷ ಕಳೆದು ನವೀಕರಿಸುವಾಗ ಅದು 8 ಲಕ್ಷ, ಮರುವರ್ಷ 7 ಲಕ್ಷವಾಗುತ್ತದೆ. ಕಾರು ಕಳುವಾದರೆ ಕೈಗೆ ಬರುವುದು ಆ ಮೊತ್ತವೇ. ಹೆಚ್ಚುಭಾಗ ಸಾಲ ಮಾಡಿದವರಿಗೆ, ಇಲ್ಲದ ಕಾರಿನ ಕಂತು ಕಟ್ಟುವ ಪ್ರಸಂಗ ಬರಬಹುದು. ಈ ಅಂತರವನ್ನು ತುಂಬಿಕೊಡುವುದೇ ‘ರಿಟರ್ನ್ ಟು ಇನ್ವಾಯ್ಸ್’.

ಇದೇ ಜಾತಿಯ ವಿಮೆಯನ್ನು ಬ್ರಿಟನ್ನಿನಲ್ಲಿ ‘ಗ್ಯಾಪ್’ ಎನ್ನುತ್ತಾರೆ. ಕಾರು ಮಾರುವ ಉತ್ಸಾಹದಲ್ಲೇ ಅದನ್ನೂ ಗಂಟುಹಾಕುತ್ತಿದ್ದುದನ್ನು ಕಂಡು, ಅಲ್ಲಿಯ ನಿಯಂತ್ರಕ ಸಂಸ್ಥೆಯಾದ ಫೈನಾನ್ಷಿಯಲ್ ಕಾಂಡಕ್ಟ್ ಅಥಾರಿಟಿಯು 2015ರ ಸೆಪ್ಟೆಂಬರಿನಿಂದ ಒಂದು ನಿಯಮ ತಂದಿತು. ವಿವರ ಕೊಟ್ಟ ದಿನವೇ ವ್ಯಾಪಾರಿಯು ಅದನ್ನು ಮಾರುವಂತಿಲ್ಲ. ಗ್ರಾಹಕರಿಗೆ ಯೋಚಿಸಲು ಸಮಯ ಕೊಡಬೇಕು. 2024ರ ಫೆಬ್ರವರಿಯಲ್ಲಿ ಅದೇ ಸಂಸ್ಥೆ ಹೊರಗೆಡಹಿದ ಸಂಗತಿ ಇನ್ನೂ ಸೋಜಿಗದ್ದು: ಜನರು ಕಟ್ಟಿದ ಕಂತಿನ ಹಣದಲ್ಲಿ ಶೇಕಡ 6 ಮಾತ್ರ ಪರಿಹಾರವಾಗಿ ಹಿಂದಿರುಗುತ್ತಿತ್ತು; ಕೆಲವು ಕಂಪೆನಿಗಳು ಕಂತಿನ ಶೇಕಡ 70ರವರೆಗೆ ವ್ಯಾಪಾರಿಗಳೇ ಮೊದಲಾದವರಿಗೆ ಕಮಿಷನ್ನಾಗಿ ಕೊಡುತ್ತಿದ್ದವು. ಆ ಅಂಕಿಗಳು ಬ್ರಿಟನ್ನಿನವು. ಭಾರತಕ್ಕೆ ಹಾಗೆಯೇ ಅನ್ವಯಿಸಲಾರವು. ಆದರೆ ಮಾರುವವನ ಉತ್ಸಾಹವು ಕೊಳ್ಳುವವನ ಅಗತ್ಯದ ಅಳತೆಗೋಲಲ್ಲ ಎಂಬ ಪಾಠ ಎಲ್ಲ ದೇಶಕ್ಕೂ ಒಂದೇ.

ಈ ಕುಟುಂಬವು ಬೆಲೆಯ ಅರ್ಧಕ್ಕೂ ಮಿಗಿಲಾಗಿ ಕೈಯಿಂದಲೇ ಕೊಟ್ಟಿತ್ತು. ಆದುದರಿಂದ ಇದನ್ನು ಬಿಟ್ಟಿತು. ಪೂರ್ತಿ ಸಾಲದಲ್ಲಿ ಕೊಂಡವರು ಬಿಡುವ ಮುನ್ನ ಎರಡು ಸಲ ಯೋಚಿಸಬೇಕು.

ವಾರಂಟಿ: ಇಂದೇ ಬೇಕೆ?

ಕಾರಿನೊಡನೆ ಬರುವ ವಾರಂಟಿಯೇ ಈಚೆಗೆ ಉದ್ದವಾಗಿದೆ. ಮಾರುತಿ ಸುಝುಕಿ ಕಂಪೆನಿ 2024ರ ಜುಲೈನಲ್ಲಿ ತನ್ನ 2 ವರ್ಷ ಅಥವಾ 40,000 ಕಿಲೋಮೀಟರಿನ ವಾರಂಟಿಯನ್ನು 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿತು. ವಿಸ್ತರಿತ ವಾರಂಟಿ ಕೆಲಸಕ್ಕೆ ಬರುವುದು ಇದು ಮುಗಿದ ಮೇಲೆ. ಮೂರು ನಾಲ್ಕು ವರ್ಷಕ್ಕೆ ಕಾರು ಬದಲಿಸುವವರಿಗೆ ಅದರಿಂದ ಪ್ರಯೋಜನ ಅಲ್ಪ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ, ಅದರಲ್ಲೂ ಆಟೋಮ್ಯಾಟಿಕ್ ಗೇರು, ಟರ್ಬೋ, ತೆರೆಯ ಮೇಲೆ ಬೆರಳಿಟ್ಟು ನಡೆಸುವ ಉಪಕರಣಗಳು ಇರುವ ಕಾರಿಗೆ, ಅದು ಬೆಲೆಯುಳ್ಳದ್ದು. ಅವುಗಳ ದುರಸ್ತಿ ದುಬಾರಿ.

ಕೊಳ್ಳುವ ಮುನ್ನ ಮೂರು ವಿಷಯ ವಿಚಾರಿಸಬೇಕು. ಅದು ತಯಾರಕರದ್ದೋ, ಬೇರೆ ಯಾವುದೋ ಸಂಸ್ಥೆಯದ್ದೋ? ಯಾವ ಭಾಗಗಳು ಸೇರಿಲ್ಲ? ಬ್ರೇಕ್ ಪ್ಯಾಡು, ಕ್ಲಚ್ಚು, ಟೈರು ಮುಂತಾದ ಸವೆಯುವ ಭಾಗಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ಕೊಳ್ಳಲು ಕೊನೆಯ ದಿನ ಯಾವುದು? ಅನೇಕ ತಯಾರಕರು ಮೂಲ ವಾರಂಟಿ ಮುಗಿಯುವವರೆಗೂ ಅವಕಾಶ ಕೊಡುತ್ತಾರೆ. ತಡವಾದರೆ ಬೆಲೆ ಏರಬಹುದು, ಅಷ್ಟೆ. ಅಷ್ಟರಲ್ಲಿ ಕಾರಿನ ಗುಣವೂ ತಿಳಿದಿರುತ್ತದೆ. ‘ಇಂದೇ ಕೊನೆ’ ಎಂಬ ಮಾತನ್ನು ಬರವಣಿಗೆಯಲ್ಲಿ ಕೇಳಿ ನೋಡಬೇಕು.

ಬೇಡವೆನ್ನುವ ಹಕ್ಕು

“ವಿಮೆಯನ್ನು ನಮ್ಮಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ಕಾರು ಸಿಗುವುದು ತಡ” ಎಂಬ ಮಾತು ಕೆಲವೆಡೆ ಕೇಳಿಬರುತ್ತದೆ. ಇದಕ್ಕೆ ಆಧಾರವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು ವಾಹನ ವ್ಯಾಪಾರಿಗಳಿಗಾಗಿ 2017ರಲ್ಲಿ ರೂಪಿಸಿದ ಮಾರ್ಗಸೂಚಿಯಂತೆ ಗ್ರಾಹಕರನ್ನು ಹಾಗೆ ಬಲವಂತಪಡಿಸುವಂತಿಲ್ಲ. ಹೊರಗೆ ವಿಮೆ ಮಾಡಿಸುವವರು, ಮಳಿಗೆಯ ಗ್ಯಾರೇಜಿನಲ್ಲಿ ನಗದಿಲ್ಲದೆ ದುರಸ್ತಿಯಾಗುವುದೋ ಎಂಬುದನ್ನು ಆ ಕಂಪೆನಿಯಿಂದ ತಿಳಿದುಕೊಂಡರೆ ಸಾಕು. ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಗಂಟುಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿರ್ಬಂಧಕ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹಾಗೆಂದು ಮಾರಾಟದ ತರುಣನ ಮೇಲೆ ಹರಿಹಾಯಬೇಕಾಗಿಲ್ಲ. ಅವನಿಗೂ ತಿಂಗಳ ಗುರಿಯಿರುತ್ತದೆ, ಮನೆಯಿರುತ್ತದೆ. “ಇದು ಬೇಡ, ಬಿಲ್ಲಿನಿಂದ ತೆಗೆಯಿರಿ” ಎಂದು ನಯವಾಗಿ ಹೇಳಿದರೆ ಸಾಕು.

ಮನೆಯ ತೀರ್ಮಾನ

ಮಲಗುವ ಹೊತ್ತಿಗೆ ಲೆಕ್ಕ ಮುಗಿದಿತ್ತು. ಸವಕಳಿಯಿಲ್ಲದ ವಿಮೆಗೆ ರೂ. 7,000, ಎಂಜಿನ್ ರಕ್ಷಣೆಗೆ ರೂ. 2,000, ಒಟ್ಟು ರೂ. 9,000 ಮಾತ್ರ ಮೂರನೆಯ ಅಂಕಣದಲ್ಲಿ ಉಳಿಯಿತು. ವಾರಂಟಿಯ ತೀರ್ಮಾನವನ್ನು ಮೂರನೆಯ ವರ್ಷಕ್ಕೆ ಮುಂದೂಡಲಾಯಿತು. ಉಳಿದ ರೂ. 49,000ದಲ್ಲಿ ಸಾಲಕ್ಕೆ ಸೇರಬೇಕಾಗಿದ್ದುದು ಸೇರಲಿಲ್ಲ. ಅದಕ್ಕೆ ಬದಲಾಗಿ, ಹೆಚ್ಚಬೇಕಾಗಿದ್ದ ಕಂತಿನಲ್ಲಿ ತಿಂಗಳಿಗೆ ಒಂದು ಸಾವಿರವನ್ನು ಕಾರಿನ ಹೆಸರಿನಲ್ಲಿ ಬ್ಯಾಂಕಿನ ರೆಕರಿಂಗ್ ಖಾತೆಗೆ ಹಾಕುವುದೆಂದು ಹಿರಿಯರು ಸೂಚಿಸಿದರು. ಗೀರು ಬಿದ್ದರೆ ಅದೇ ವಿಮೆ. ಬೀಳದಿದ್ದರೆ ಹಣ ಮನೆಯದೇ. ಯಾವ ಮಳಿಗೆಯೂ ಮಾರದ ರಕ್ಷಣೆ ಇದು.

ಮರುವಾರ ಕಾರು ಮನೆಗೆ ಬಂದಿತು. ಅರಿಸಿನ ಕುಂಕುಮವಿಟ್ಟು, ಆರತಿ ಎತ್ತಿ, ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟಾಯಿತು. ಯಜಮಾನರು ಮೆಲ್ಲನೆ ಕಾರು ಮುಂದೆ ಸರಿಸಿದಾಗ ನಾಲ್ಕೂ ಚಪ್ಪಟೆಯಾದವು.

“ಇದು ಯಾವ ಅಂಕಣಕ್ಕಪ್ಪಾ?” ಎಂದು ಮಗ ಕೇಳಿದ.

“ನಾಲ್ಕು ಹಣ್ಣಿನ ಖರ್ಚು ತಾನೆ? ಅದನ್ನು ತಡೆದುಕೊಳ್ಳಬಹುದು,” ಎಂದರು ಅಜ್ಜ, ನಗುತ್ತ ಹಿಂದಿನ ಆಸನ ಏರಿ. ಕುಳಿತೊಡನೆ ಅಭ್ಯಾಸಬಲದಿಂದ ಒಮ್ಮೆ ಕಾಲ ಬುಡವನ್ನು ನೋಡಿದರು. ರಸ್ತೆ ಕಾಣಲಿಲ್ಲ.